ಟೂ ಸ್ಟ್ರೋಕ್ ಹಿಂದೆ ಬಿದ್ದಿದ್ದು ಬರೀ ಆಯಿಲ್ ಹೊಗೆಯಿಂದಲ್ಲ
ಟೂ ಸ್ಟ್ರೋಕ್ ಬೈಕುಗಳು (ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುವಷ್ಟರಲ್ಲೇ ಎಂಜಿನ್ನಿನ ಒಂದು ಆವೃತ್ತಿ ಮುಗಿಯುವಂಥವು) ಮೂಲೆ ಸೇರಿದ್ದು ಆಯಿಲ್ ಹೊಗೆಯಿಂದ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅದು ಅರ್ಧ ಮಾತ್ರ ನಿಜ. ಉರಿಯದೇ ಹೊರಬೀಳುವ ಪೆಟ್ರೋಲೂ ದೊಡ್ಡ ಕಾರಣ. ನಮ್ಮ ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ, ಆಮೇಲಿನ ಯೆಜ್ಡಿಯನ್ನೇ ನೋಡಿ. ಆ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಷ್ಟೇ, ಅವನ್ನು ಪಿಸ್ಟನ್ನೇ ಓಡಾಡುತ್ತಾ ಮುಚ್ಚಿ ತೆರೆಯುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಹೊಗೆ ಹೋಗುವ ಕಿಂಡಿಯೂ ಹೊಸ ಪೆಟ್ರೋಲ್-ಗಾಳಿ ಬರುವ ಕಿಂಡಿಯೂ ಒಟ್ಟಿಗೇ ತೆರೆದಿರುತ್ತವೆ, ಹಾಗಾಗಿ ಬಂದದ್ದರಲ್ಲಿ ಒಂದಷ್ಟು ಹಾಗೆಯೇ ಸೈಲೆನ್ಸರ್ ಕಡೆ ಹೊರಟುಹೋಗುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುವುದೂ ಇದರಿಂದಲೇ. ಪೆಟ್ರೋಲಿಗೆ ಆಯಿಲ್ ಬೆರೆಸುವುದೂ ಸುಮ್ನೆ ಅಲ್ಲ, ಪಿಸ್ಟನ್ ಕೆಳಗೆ ಕ್ರ್ಯಾಂಕ್ ಎಂಬ ದಂಡ ತಿರುಗುವ ಗೂಡು, ಅಂದರೆ ಕ್ರ್ಯಾಂಕ್‌ಕೇಸೇ ಪೆಟ್ರೋಲ್-ಗಾಳಿಯನ್ನು ತಳ್ಳುವ ಪಂಪಿನ ಕೆಲಸ ಮಾಡುವುದರಿಂದ ಅಲ್ಲಿ ಆಯಿಲ್ ತುಂಬಿಡಲು ಆಗುವುದಿಲ್ಲ. ಆದರೂ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಪವರ್ ಸ್ಟ್ರೋಕ್ (ಪೆಟ್ರೋಲ್ ಉರಿದು ಪಿಸ್ಟನ್ನನ್ನು ಕೆಳಗೆ ತಳ್ಳುವ ಹೊಡೆತ) ಸಿಗುತ್ತದೆ ಅಲ್ವಾ, ಅದರ ಎಳೆತ ನನಗೆ ಇವತ್ತಿಗೂ ಇಷ್ಟ.