ಹಲ್ಲು ಕಟ್ಟಿಸಿಕೊಂಡ ಹಾಡು

ರಾತ್ರಿ ಊಟವಾದ ಮೇಲೆ ಪಾತ್ರೆ ತೊಳೆಯುವುದು ನನ್ನ ಪಾಲಿನ ಕೆಲಸ. ಮೊಬೈಲನ್ನು ಉಪ್ಪಿನ ಭರಣಿಗೆ ಒರಗಿಸಿ, ನೂರು ವರ್ಷದ ಹಿಂದಿನ ಅಮೆರಿಕದ ಹಾಡು ಹಾಕಿಕೊಳ್ಳುತ್ತೇನೆ. ಬ್ಲೂಸ್, ರ‍್ಯಾಗ್‌ಟೈಮ್, ಮೊದಮೊದಲ ಜಾಝ್. ಒಂದೊಂದೂ ಹೆಚ್ಚುಕಡಿಮೆ ಮೂರು ನಿಮಿಷ. ಆಗಿನ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದೇ ಅಷ್ಟು. ತಳ ಹಿಡಿದ ಹಾಲಿನ ಪಾತ್ರೆಯಾದರೆ ಎರಡು ಹಾಡು ಬೇಕು.

ಮೊದಲ ದಿನ ಅಮ್ಮ ನಡುಮನೆಯಿಂದಲೇ ಕೂಗಿದಳು, “ಏನೋ ಅದು, ಇಷ್ಟು ಹೊತ್ತಲ್ಲಿ ಒಗ್ಗರಣೆ?”

ಸುಳ್ಳಲ್ಲ. ಸವೆದ ಪ್ಲೇಟಿನ ಮೇಲೆ ಮುಳ್ಳು ಓಡುವ ಸದ್ದು ಸಾಸಿವೆ ಸಿಡಿದ ಹಾಗೇ ಇರುತ್ತದೆ. ಆ ಚರಪರದ ಹಿಂದೆ ಎಲ್ಲೋ ಒಬ್ಬ ಹಾಡುತ್ತಿರುತ್ತಾನೆ. ಈಗ ಕಂಪ್ಯೂಟರಿನಲ್ಲಿ ಆ ಸದ್ದನ್ನೆಲ್ಲ ಸೋಸಿ ತೆಗೆದ ಪ್ರತಿಗಳೂ ಸಿಗುತ್ತವೆ. ಕೇಳಿದೆ. ಒಗ್ಗರಣೆ ಇಲ್ಲದ ಸಾರು.

ಆ ಚರಪರದಲ್ಲಿ ನಮ್ಮ ಪಾಲೂ ಇದೆ. ಆ ಪ್ಲೇಟುಗಳನ್ನು ಮಾಡುತ್ತಿದ್ದದ್ದು ಕಲ್ಲಿನ ಪುಡಿಗೆ ಅರಗು ಬೆರೆಸಿ. ಅರಗು ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ. ಛೋಟಾ ನಾಗಪುರದ ಕಡೆಯ ಕಾಡುಗಳಲ್ಲಿ ಮುತ್ತುಗ, ಬೋರೆ ಮರಗಳ ಕೊಂಬೆಗೆ ಕಚ್ಚಿಕೊಂಡ ಪುಟ್ಟ ಕೀಟಗಳು ಸುರಿಸುವ ಅಂಟು ಅದು. ನಮ್ಮ ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವುದೂ ಅರಗೇ. ಅರಗಿನ ಮನೆಯಿಂದ ಪಾಂಡವರು ಸುರಂಗ ಹಿಡಿದು ಪಾರಾದರಲ್ಲ, ಈ ಹಾಡುಗಾರರು ಪ್ಲೇಟಿನ ಮೇಲಿನ ಕೂದಲೆಳೆಯಂಥ ಗೆರೆಯೊಂದನ್ನು ಹಿಡಿದು ಪಾರಾದರು. ಎಲ್ಲರೂ ಆಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅರಗಿಗೆ ತತ್ವಾರ ಬಂದಾಗ ಅಮೆರಿಕದಲ್ಲಿ ಹಳೆ ಪ್ಲೇಟುಗಳನ್ನು ಗುಜರಿಗೆ ಒಟ್ಟುಮಾಡಿ, ಅರೆದು, ಹೊಸ ಪ್ಲೇಟು ಮಾಡಿದರು. ಯಾರ ದನಿ ಯಾರ ಹಾಡಿನೊಳಗೆ ಪುಡಿಯಾಗಿ ಸೇರಿಹೋಯಿತೋ.

ಸತ್ತೇ ಹೋಯಿತು ಅಂದುಕೊಂಡ ಈ ಸಂಗೀತವನ್ನು ಎಬ್ಬಿಸಿ ಕೂರಿಸುವ ಚಟ ಕೆಲವರಿಗೆ ಆಗಿನಿಂದಲೂ ಇದೆ. ಅವರ ಕತೆಗಳಲ್ಲಿ ನನಗೆ ಬಲು ಇಷ್ಟವಾದದ್ದು ಬಂಕ್ ಜಾನ್ಸನ್‌ನ ಹಲ್ಲಿನ ಕತೆ.

ಈತ ನ್ಯೂ ಆರ್ಲಿಯನ್ಸ್‌ನ ಟ್ರಂಪೆಟ್ ವಾದಕ. ಜಾಝ್ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದವನು. ಪ್ರಾಯದಲ್ಲಿ ಚೆನ್ನಾಗಿ ನುಡಿಸುತ್ತಿದ್ದಾಗ ಯಾರೂ ಅವನ ವಾದನವನ್ನು ಮುದ್ರಿಸಿಕೊಳ್ಳಲಿಲ್ಲ. 1931ರಲ್ಲಿ ಒಂದು ಕುಣಿತದ ರಾತ್ರಿ, ಅವನ ತಂಡದ ನಾಯಕನನ್ನು ಯಾರೋ ವೇದಿಕೆಯ ಮೇಲೇ ಇರಿದು ಕೊಂದರು. ಆ ಗಲಾಟೆಯಲ್ಲಿ ಬಂಕ್‌ನ ವಾದ್ಯವೂ ಜಜ್ಜಿಹೋಯಿತು. ಆಮೇಲೆ ಹಲ್ಲೂ ಹೋದವು. ಟ್ರಂಪೆಟ್ಟಿಗೆ ಹಲ್ಲಿಲ್ಲದೆ ಆಗುವುದಿಲ್ಲ. ತುಟಿಗೆ ಒತ್ತಿ ಹಿಡಿದು ಊದಬೇಕು, ಆ ತುಟಿಗೆ ಹಿಂದಿನಿಂದ ಆನಿಕೆ ಕೊಡುವುದು ಮುಂದಿನ ಹಲ್ಲುಗಳೇ. ಬಂಕ್ ನ್ಯೂ ಐಬೀರಿಯಾ ಎಂಬ ಊರಿನಲ್ಲಿ ಗದ್ದೆ ಕೆಲಸ, ಲಾರಿ ಕೆಲಸ ಮಾಡಿಕೊಂಡು ಉಳಿದುಬಿಟ್ಟ.

1930ರ ದಶಕದ ಕೊನೆಯಲ್ಲಿ ಜಾಝ್ ಚರಿತ್ರೆ ಬರೆಯಲು ಹೊರಟವರು ಅವನನ್ನು ಹುಡುಕಿ ಕಾಗದ ಹಾಕಿದರು. ಹಲ್ಲು ಮತ್ತು ಟ್ರಂಪೆಟ್ ಕೊಡಿಸಿದರೆ ಮತ್ತೆ ನುಡಿಸುತ್ತೇನೆ ಅಂತ ಅವನ ಉತ್ತರ. ಅಭಿಮಾನಿಗಳು ಚಂದಾ ಎತ್ತಿದರು. ಹಲ್ಲಿನ ಸೆಟ್ಟು ಮಾಡಿಕೊಟ್ಟವನು ಲಿಯೊನಾರ್ಡ್ ಬೆಶೆ, ದೊಡ್ಡ ಜಾಝ್ ವಾದಕ ಸಿಡ್ನಿ ಬೆಶೆಯ ಅಣ್ಣ, ವೃತ್ತಿಯಲ್ಲಿ ದಂತವೈದ್ಯ. 1942ರಲ್ಲಿ ಬಂಕ್‌ನ ಮೊದಲ ಮುದ್ರಿಕೆ ಆಯಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆಯನ್ನು ಇಷ್ಟು ಅಚ್ಚುಕಟ್ಟಾಗಿ ಸೋಲಿಸಿದವರು ಬೇರೆ ಯಾರೂ ನನಗೆ ಗೊತ್ತಿಲ್ಲ.

ಆಸಾಮಿ ಸಾಮಾನ್ಯನಲ್ಲ. ವಯಸ್ಸು ಕಡಿಮೆ ಹೇಳುವವರನ್ನು ನೋಡಿದ್ದೇವೆ. ಇವನು ಹತ್ತು ವರ್ಷ ಜಾಸ್ತಿ ಹೇಳುತ್ತಿದ್ದ ಅಂತ ಈಗಿನ ಸಂಶೋಧಕರ ಗುಮಾನಿ. ಜಾಝ್ ಹುಟ್ಟಿದ ಕೋಣೆಯಲ್ಲೇ ತಾನಿದ್ದೆ ಎನ್ನಲು ಅಷ್ಟು ವಯಸ್ಸು ಬೇಕಿತ್ತಲ್ಲ! ಇನ್ನೊಂದು ತಮಾಷೆ. ಅಭಿಮಾನಿಗಳಿಗೆ ಇವನಿಂದ ಬೇಕಾದದ್ದು ಹಳೇ ನ್ಯೂ ಆರ್ಲಿಯನ್ಸ್. ಇವನಿಗೋ ಆಗ ರೇಡಿಯೋದಲ್ಲಿ ಬರುತ್ತಿದ್ದ ಹೊಸ ಹಾಡುಗಳ ಮೇಲೂ ಆಸೆ. 1947ರ ಕೊನೆಯ ಮುದ್ರಿಕೆಗೆ ತನಗೆ ಬೇಕಾದ ವಾದಕರನ್ನು ಕಟ್ಟಿಕೊಂಡು, ಹಳೆ ರ‍್ಯಾಗ್‌ಗಳ ಜೊತೆಗೆ ಜನಪ್ರಿಯ ಹಾಡುಗಳನ್ನೂ ಸೇರಿಸಿ ನುಡಿಸಿಬಿಟ್ಟ. ನನಗೆ ಅದು ಸರಿ ಅನಿಸುತ್ತದೆ. ಹಲ್ಲು ಕಟ್ಟಿಸಿಕೊಟ್ಟ ಮೇಲೆ ಏನು ಅಗಿಯಬೇಕು ಅನ್ನುವುದು ಅವನಿಗೆ ಬಿಟ್ಟದ್ದು, ಅಲ್ವಾ?

ರ‍್ಯಾಗ್‌ಟೈಮ್ ಎದ್ದು ಕೂತದ್ದು ಹೀಗೆ ಹಲ್ಲಿನಿಂದಲ್ಲ. ಯಾರೋ ಕಾಗದದ ಮೇಲೆ ಬರೆದದ್ದನ್ನು ಓದಿದ್ದರಿಂದ. ರ‍್ಯಾಗ್ ಅಂದರೆ ಹರಕು. ಪಿಯಾನೋದ ಮೇಲೆ ಎಡಗೈ ಒಂದೇ ಸಮ ತಾಳ ಹಾಕುತ್ತದೆ, ಬಲಗೈ ಆ ತಾಳದ ಸಂದಿಗಳಲ್ಲಿ ಕಾಲಿಡುತ್ತದೆ. ಅಪ್ಪನ ಕೈ ಹಿಡಿದು ನಡೆಯುವ ಮಗುವನ್ನು ನೋಡಿ. ಅಪ್ಪ ತನ್ನ ಪಾಡಿಗೆ ನಡೆಯುತ್ತಾನೆ, ಮಗು ಅವನ ಎರಡು ಹೆಜ್ಜೆಗಳ ನಡುವೆ ಕುಪ್ಪಳಿಸುತ್ತದೆ. ಈ ಆಟದ ದೊರೆ ಸ್ಕಾಟ್ ಜಾಪ್ಲಿನ್. 1899ರಲ್ಲಿ ಅವನ ‘ಮೇಪಲ್ ಲೀಫ್ ರ‍್ಯಾಗ್’ ಅಚ್ಚಾಯಿತು. ಪ್ರತಿಗೆ ಒಂದು ಸೆಂಟ್ ಗೌರವಧನ. ಮುಂದೆ ತನ್ನ ಸ್ವರಲಿಪಿಗಳ ಮೇಲೆ ಅವನು ಒಂದು ಸೂಚನೆಯನ್ನೂ ಅಚ್ಚು ಹಾಕಿಸಿದ. ಜೋರಾಗಿ ಓಡಿಸಬೇಡಿ, ರ‍್ಯಾಗ್‌ಟೈಮನ್ನು ಓಡಿಸುವುದು ಯಾವತ್ತೂ ಸರಿಯಲ್ಲ ಅಂತ. ಯಾರು ಕೇಳುತ್ತಾರೆ? ಅವನು 1917ರಲ್ಲಿ ತೀರಿಕೊಂಡ ಮೇಲೆ ದಶಕಗಳ ಕಾಲ ಓಡಿಸಿದ್ದೇ ಓಡಿಸಿದ್ದು. 1970ರಲ್ಲಿ ಜೋಶುವಾ ರಿಫ್ಕಿನ್ ಎಂಬ ಪಿಯಾನೋ ವಾದಕ ಆ ಸೂಚನೆಯನ್ನು ಮರ್ಯಾದೆಯಿಂದ ಪಾಲಿಸಿ, ನಿಧಾನವಾಗಿ ನುಡಿಸಿದ. ಸಂಭ್ರಮದ ಅಡಿಯಲ್ಲಿ ಒಂದಿಷ್ಟು ಬೇಸರವೂ ಇದೆ ಅಂತ ಆಗ ಜನಕ್ಕೆ ಕೇಳಿಸಿತು. 1973ರ ‘ದಿ ಸ್ಟಿಂಗ್’ ಸಿನಿಮಾದಲ್ಲಿ ಜಾಪ್ಲಿನ್‌ನ ‘ದಿ ಎಂಟರ್ಟೇನರ್’ ಬಂತು, ಮನೆಮಾತಾಯಿತು. ಮರುವರ್ಷ ಅವನ ಗೋರಿಗೆ ಒಂದು ಹೆಸರಿನ ಫಲಕವೂ ಬಂತು. ಅಲ್ಲಿಯವರೆಗೆ ಇರಲಿಲ್ಲ.

ಬ್ಲೂಸ್ ಹಾಡುಗಾರ ಮಿಸಿಸಿಪ್ಪಿ ಜಾನ್ ಹರ್ಟ್ ಸಿಕ್ಕಿದ್ದು ಇನ್ನೂ ಸಲೀಸಾಗಿ. ಅವನ ವಿಳಾಸ ಹಾಡಿನಲ್ಲೇ ಇತ್ತು. 1928ರಲ್ಲಿ ಮುದ್ರಿಕೆಗೆ ಅಂತ ನ್ಯೂಯಾರ್ಕಿಗೆ ಹೋಗಿದ್ದಾಗ ಊರಿನ ನೆನಪಾಗಿ, ಆವಲಾನ್ ನನ್ನೂರು ಅಂತ ಒಂದು ಹಾಡು ಹಾಡಿ ಬಂದಿದ್ದ. ಪ್ಲೇಟುಗಳು ಅಷ್ಟಾಗಿ ಹೋಗಲಿಲ್ಲ. ಊರಿಗೆ ಮರಳಿ ಹೊಲದ ಕೆಲಸ ಹಿಡಿದ. 35 ವರ್ಷದ ನಂತರ ಟಾಮ್ ಹಾಸ್ಕಿನ್ಸ್ ಎಂಬ ಸಂಗೀತದ ಹುಚ್ಚ ಆ ಹಾಡು ಕೇಳಿ, ಹಳೆಯ ಅಟ್ಲಾಸೊಂದರಲ್ಲಿ ಆ ಹಳ್ಳಿಯನ್ನು ಪತ್ತೆಮಾಡಿ, 1963ರಲ್ಲಿ ಮನೆ ಬಾಗಿಲಿಗೇ ಹೋಗಿ ನಿಂತ. ಮುದುಕನಿಗೆ, ಇವನು ಯಾರೋ ಪೊಲೀಸಿನವನು ಅನ್ನುವ ಭಯ. ಮನೆಯಲ್ಲಿ ಗಿಟಾರೂ ಇರಲಿಲ್ಲ. ಕೈಗೆ ಕೊಟ್ಟರೆ ಬೆರಳಿಗೆ ಎಲ್ಲ ನೆನಪಿತ್ತು. ಅದೇ ಬೇಸಿಗೆಯಲ್ಲಿ ನ್ಯೂಪೋರ್ಟ್ ಉತ್ಸವದಲ್ಲಿ ಹಾಡಿದ. ಇನ್ನು ಮೂರು ವರ್ಷ ಬದುಕಿದ್ದ. ಪಕ್ಕದಲ್ಲಿ ಕೂತು ಪಾಡು ಹೇಳಿಕೊಳ್ಳುವ ಹಾಗೆ ಹಾಡುತ್ತಾನೆ. ಅವನ ಹಾಡು ಬಂದಾಗ ನಾನು ನಲ್ಲಿ ನಿಲ್ಲಿಸುತ್ತೇನೆ.

ಮೊನ್ನೆ ಬಂಕ್‌ನ ಟ್ರಂಪೆಟ್ ಹಾಕಿದ್ದೆ. ಅಮ್ಮ ತನ್ನ ಹಲ್ಲಿನ ಸೆಟ್ಟು ತೊಳೆದಿಡಲು ಅಡುಗೆಮನೆಗೆ ಬಂದಳು. ಅದಕ್ಕೆ ಅಂತಲೇ ಒಂದು ಸ್ಟೀಲ್ ಲೋಟ ಇದೆ, ಕಿಟಕಿ ಕಟ್ಟೆಯ ಮೇಲೆ. ಲೋಟಕ್ಕೆ ನೀರು ಹಿಡಿಯುತ್ತ ನಿಂತವಳಿಗೆ ಕತೆಯೆಲ್ಲ ಹೇಳಿದೆ. ಹಾಡು ಮುಗಿಯುವವರೆಗೂ ಕೇಳಿದಳು.

“ಇವನಿಗೆ ಸರಿಯಾಗಿ ಕೂತಿದೆ ಕಣೋ,” ಅಂದಳು, ಬೊಚ್ಚುಬಾಯಲ್ಲಿ. “ನಂದು ಎರಡು ಸಲ ರಿಪೇರಿ ಮಾಡಿಸಿದ್ರೂ ಚಕ್ಕುಲಿಗೆ ಅಲ್ಲಾಡುತ್ತೆ.”