ಒಂದು ಸಾಲು ತಿದ್ದೋಕೆ ಇಡೀ ಸ್ಟ್ಯಾಕ್ ಕಟ್ಟಬೇಕಾಗಿಲ್ಲ

"ರೂಬಿನ್ ವೀಕ್ಷಣಾಲಯದ ಸಾಫ್ಟ್‌ವೇರ್ ಮೇಲೆ ನಮ್ಮ ಕೋಡ್ ಬರೆಯಬೇಕಾದರೆ ಇಡೀ ಸ್ಟ್ಯಾಕನ್ನು (ಆ ಸಾಫ್ಟ್‌ವೇರಿನ ಎಲ್ಲ ಭಾಗಗಳ ಒಟ್ಟು ಗುಂಪನ್ನು) ಮೊದಲಿಂದ ಬಿಲ್ಡ್ ಮಾಡಬೇಕು, ಅಂದರೆ ಓಡುವ ರೂಪಕ್ಕೆ ತರಬೇಕು, ಅಡ್ಮಿನ್ ಅನುಮತಿಯೂ ಬೇಕು" ಅಂತ ಒಂದು ಮಾತು ಓಡಾಡುತ್ತಿದೆ. ತಪ್ಪು. ಇದನ್ನು ನಂಬಿ ಸುಮ್ನೆ ಗಂಟೆಗಟ್ಟಲೆ ಕಾಯಬೇಡಿ.

ಚಿಲಿಯಲ್ಲಿರುವ ಈ ದೂರದರ್ಶಕದ ಕ್ಯಾಮೆರಾ 3200 ಮೆಗಾಪಿಕ್ಸೆಲ್‌ನದು. ಅದರ ಚಿತ್ರಗಳನ್ನು ಸಂಸ್ಕರಿಸುವ ಕೋಡ್ ಹೆಚ್ಚಾಗಿ ಪೈಥಾನ್, ವೇಗ ಬೇಕಾದ ಕಡೆ ಸಿ ಪ್ಲಸ್ ಪ್ಲಸ್. ಅದು ಒಂದೇ ದೊಡ್ಡ ಗಂಟಲ್ಲ, ಬಿಡಿ ಬಿಡಿ ಪ್ಯಾಕೇಜುಗಳು. ಯಾವ ಪ್ಯಾಕೇಜಿನ ಯಾವ ಆವೃತ್ತಿ ಚಾಲ್ತಿಯಲ್ಲಿರಬೇಕು ಅಂತ ನೋಡಿಕೊಳ್ಳೋದು ಇಯುಪಿಎಸ್ ಅನ್ನೋ ಸಲಕರಣೆ.

ಹಾಗಾಗಿ ಎಲ್ಲರೂ ಬಳಸುವ ಸ್ಟ್ಯಾಕನ್ನು ಮುಟ್ಟಲೇಬೇಡಿ. ಮೊದಲು ಇಯುಪಿಎಸ್‌ನ 'ಸೆಟಪ್' ಆದೇಶದಿಂದ ಅದನ್ನು ಚಾಲ್ತಿಗೆ ತನ್ನಿ, ಬೇಕಾದ ಒಂದೇ ಪ್ಯಾಕೇಜನ್ನು ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್‌ನಿಂದ ನಿಮ್ಮ ಹೋಮ್ ಫೋಲ್ಡರಿಗೆ ಇಳಿಸಿಕೊಳ್ಳಿ, ಆ ಫೋಲ್ಡರಿನೊಳಗೆ ನಿಂತು 'ಕೆ' ಮತ್ತು 'ಆರ್' (ಈ ಫೋಲ್ಡರಿನ ಪ್ರತಿಯನ್ನೇ ಬಳಸು ಅನ್ನೋದು) ಆಯ್ಕೆಗಳ ಜೊತೆ ಮತ್ತೊಮ್ಮೆ ಸೆಟಪ್ ಕೊಟ್ಟು, ಆಮೇಲೆ ಬಿಲ್ಡ್ ಮಾಡುವ ಸಲಕರಣೆ ಸ್ಕಾನ್ಸ್ ಓಡಿಸಿ. ಅಷ್ಟೇ. ಇಯುಪಿಎಸ್ ಪಟ್ಟಿಯಲ್ಲಿ ಆ ಪ್ಯಾಕೇಜಿನ ಮುಂದೆ 'ಲೋಕಲ್' ಅಂತ ಬಂದರೆ ಓಡುತ್ತಿರೋದು ನಿಮ್ಮ ಪ್ರತಿಯೇ. 'ಕೆ' ಮರೆಯಬೇಡಿ: ಅದಿಲ್ಲದಿದ್ದರೆ ಮೊದಲೇ ಸೆಟಪ್ ಆಗಿದ್ದ ಬೇರೆ ಪ್ಯಾಕೇಜುಗಳ ಆವೃತ್ತಿಯೂ ಬದಲಾಗಿಬಿಡಬಹುದು. ನಾನು ಒಮ್ಮೆ ಹೀಗೇ ಅರ್ಧ ದಿನ ಕಳೆದಿದ್ದೇನೆ, ದೋಷ ನನ್ನ ಕೋಡಿನಲ್ಲೇ ಇದೆ ಅಂದುಕೊಂಡು!

ಆದರೆ ಆ ಮಾತು ಪೂರ್ತಿ ಗಾಳಿಸುದ್ದಿಯೂ ಅಲ್ಲ. ಎಎಫ್‌ಡಬ್ಲ್ಯುನಂಥ ಬುಡದ ಪ್ಯಾಕೇಜಿನ ಸಿ ಪ್ಲಸ್ ಪ್ಲಸ್ ಹೆಡರ್ (ಬೇರೆ ಕೋಡೂ ಸೇರಿಸಿಕೊಳ್ಳುವ ಘೋಷಣೆಗಳ ಫೈಲ್) ಬದಲಿಸಿದರೆ ಅದರ ಮೇಲೆ ನಿಂತ ಪ್ಯಾಕೇಜುಗಳನ್ನೂ ಮತ್ತೆ ಬಿಲ್ಡ್ ಮಾಡಬೇಕಾಗುತ್ತದೆ. ಬರೀ ಪೈಥಾನ್ ತಿದ್ದುಪಡಿಗೆ ಆ ತಲೆನೋವಿಲ್ಲ.