ನಿಮಗೆ ಎಷ್ಟು ಕಡಿಮೆ, ಅಕ್ಕ?

ಕೈಲ್‌ಪೋದ್ ಹಬ್ಬಕ್ಕೆಂದು ಕೊಡಗಿನ ಸುಂಟಿಕೊಪ್ಪದ ಮನೆಗೆ ಹೋಗಿದ್ದೆ. ಅಪ್ಪನಿಗೆ ಜ್ವರವಿದ್ದುದರಿಂದ ನಮ್ಮ ಕಾಫಿ ತೋಟದ ಆಳುಗಳ ಆ ವಾರದ ಬಟವಾಡೆಗೆ ನಾನೇ ಕುಳಿತೆ. ಪುಸ್ತಕದಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಎರಡು ಕಾಲಂ: ಗಂಡಾಳು, ಹೆಣ್ಣಾಳು. ಹಣ ಎಣಿಸಿಕೊಂಡ ಹೆಂಗಸೊಬ್ಬಳು ಕೇಳಿದಳು: “ಅಲ್ಲಿ ನಿಮಗೆ ಎಷ್ಟು ಕಡಿಮೆ, ಅಕ್ಕ?”

ಸಂಬಳ ಎಷ್ಟೆಂದು ಅವಳು ಕೇಳಲಿಲ್ಲ. ಹೆಣ್ಣೆಂದ ಮೇಲೆ ಕಡಿಮೆಯೇ ಎಂದು ಅವಳು ನಂಬಿದ್ದಳು. ಆ ಮಾತು ಇನ್ನೂ ಚುಚ್ಚುತ್ತಿದೆ.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅಲ್ಲಿ 250 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಗಂಡು-ಹೆಣ್ಣಿನ ಸಂಬಳದ ಅಂತರವನ್ನು ವರ್ಷವೂ ಪ್ರಕಟಿಸಬೇಕೆಂದು 2017ರಲ್ಲಿ ನಿಯಮವಾಯಿತು. ಗಂಡಸರನ್ನು ಗಂಟೆಯ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ನಟ್ಟನಡುವಿನವನನ್ನು ಹಿಡಿಯುವುದು, ಹೆಂಗಸರ ಸಾಲಿನಲ್ಲೂ ಹಾಗೆಯೇ. ಆ ಇಬ್ಬರ ಸಂಬಳವನ್ನು ಹೋಲಿಸುವುದು. ನನ್ನ ಕಂಪನಿಯ ಅಂಕಿಯನ್ನು ಯಾರು ಬೇಕಾದರೂ ನೋಡಬಹುದು. ಅದರಿಂದಲೇ ಅವಳಿಗೆ ಉತ್ತರ ಕೊಡಲು ಸಾಧ್ಯವಾಯಿತು. ಐಸ್‌ಲ್ಯಾಂಡ್ ಇನ್ನೂ ಮುಂದೆ ಹೋಯಿತು: 2018ರಲ್ಲಿ ಜಾರಿಗೆ ಬಂದ ಕಾನೂನು, ಸಮಾನ ಸಂಬಳ ಕೊಡುತ್ತಿದ್ದೇವೆಂದು ಸಾಬೀತು ಮಾಡುವ ಹೊಣೆಯನ್ನು ಸಂಸ್ಥೆಗಳ ಮೇಲೆಯೇ ಹೊರಿಸಿತು.

ನಮ್ಮಲ್ಲಿ ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. ಆದರೂ ವಿಶ್ವ ಆರ್ಥಿಕ ವೇದಿಕೆಯ 2024ರ ಲಿಂಗ ಸಮಾನತೆಯ ಪಟ್ಟಿಯಲ್ಲಿ, 146 ದೇಶಗಳ ನಡುವೆ, ಭಾರತ 129ನೆಯದು. ಆ ಸ್ಥಾನದ ಅರ್ಥ ನನಗೆ ಹೊಳೆದದ್ದು ಅಪ್ಪನ ಪುಸ್ತಕದ ಮುಂದೆ ಕುಳಿತಾಗ.

ಗಂಡಸರು ಮರಗಸಿ ಮಾಡುತ್ತಾರೆ (ನೆರಳಿನ ಮರ ಹತ್ತಿ ಕೊಂಬೆ ಕಡಿಯುವುದು), ಗುಂಡಿ ತೆಗೆಯುತ್ತಾರೆ ಎಂಬುದು ಅಪ್ಪನ ವಾದ. ಇರಲಿ. ಗೊಬ್ಬರ ಹಾಕುವ ದಿನ? ಅದೇ ಇಳಿಜಾರು, ಅಷ್ಟೇ ಭಾರದ ಬುಟ್ಟಿ, ಅವೇ ಜಿಗಣೆಗಳು. ಇಬ್ಬರೂ ಒಟ್ಟಿಗೆ ತೋಟಕ್ಕಿಳಿದು ಒಟ್ಟಿಗೆ ಹತ್ತಿ ಬರುತ್ತಾರೆ. ಕೂಲಿ ಮಾತ್ರ ಬೇರೆ ಬೇರೆ. ಇದನ್ನು ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಇಂಗ್ಲೆಂಡಿನ ಲೆಕ್ಕದಲ್ಲಿಯೂ ಕೊರತೆಯಿದೆ, ಹೇಳಲೇಬೇಕು. ಒಂದೇ ಕೆಲಸಕ್ಕೆ ಒಂದೇ ಸಂಬಳವೇ ಎಂದು ಅದು ತಿಳಿಸುವುದಿಲ್ಲ. ಮೇಲಿನ ಹುದ್ದೆಗಳಲ್ಲಿ ಗಂಡಸರೇ ತುಂಬಿದ್ದರೆ ಸಾಕು, ಅಂತರ ಹಿಗ್ಗುತ್ತದೆ. ನನ್ನ ಕಂಪನಿ ಅಂಕಿ ಪ್ರಕಟಿಸುತ್ತಲೇ ಇದೆ, ಅಂತರ ಹೆಚ್ಚೇನೂ ಕದಲಿಲ್ಲ. ನಮ್ಮ ತೋಟದಲ್ಲಾದರೋ ಹಣ್ಣು ಕೊಯ್ಲಿಗೆ ಕಿಲೋ ಲೆಕ್ಕ. ಗಂಡಸಿಗೂ ಹೆಂಗಸಿಗೂ ಒಂದೇ ದರ. ಕಳೆದ ಜನವರಿಯಲ್ಲಿ ಎಲ್ಲರಿಗಿಂತ ಹೆಚ್ಚು ತೂಗಿಸಿದವಳು ಆ ಪ್ರಶ್ನೆ ಕೇಳಿದವಳೇ.

ಗೊಬ್ಬರದ ದಿನಗಳಿಗಾದರೂ ಒಂದೇ ಕಾಲಂ ಸಾಕೆಂದು ಅಪ್ಪನಿಗೆ ಹೇಳಿದೆ.

“ಪಕ್ಕದ ತೋಟದವರು ಏನೆನ್ನುತ್ತಾರೆ?” ಎಂದರು.